ಟರ್ಕಿ ಕೋಳಿ ಬೇಟೆ: ಮೊದಲು ಹಿರಿಯರ ಪಕ್ಕ ಕೂರಿ

ಕೇಳುಗರಿಗೆಲ್ಲ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿರುವ ನಮ್ಮ ಕನ್ನಡದ ಹುಡುಗರು ಬೇಟೆ ಕಲಿಯಬೇಕು ಅಂತ ಫೋನ್ ಮಾಡುತ್ತಾರೆ. ಸಂತೋಷ. ಆದರೆ ಎಲ್ಲರದೂ ಒಂದೇ ಪ್ರಶ್ನೆ: "ಸಾರ್, ಯಾವ ಬಂದೂಕು ತಗೊಳ್ಳಲಿ?" ಬಂದೂಕು ಆಮೇಲೆ, ಸ್ವಾಮಿ. ಮೊದಲು ಒಬ್ಬ ಹಿರಿಯ ಬೇಟೆಗಾರರನ್ನು ಹುಡುಕಿಕೊಳ್ಳಿ. ಒಂದು ವಸಂತ ಪೂರ್ತಿ ಅವರ ಪಕ್ಕ ಬರಿಗೈಯಲ್ಲಿ ಕೂರಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ.

ಊರಿನಿಂದ ಕೇಳುತ್ತಿರುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಅಲ್ಲಿ ಬೇಟೆಯ ಮಾತೇ ಇಲ್ಲ. ನಾನು ಹೇಳುತ್ತಿರುವುದು ಮಿಸೌರಿ ರಾಜ್ಯದ ಕಾಡು ಟರ್ಕಿ ಕೋಳಿಯ ವಿಷಯ. ಅಲ್ಲಿ ಇದಕ್ಕೆ ಲೈಸೆನ್ಸ್ ಇದೆ, ಕಾಲ ಗೊತ್ತುಪಡಿಸಿದ್ದಾರೆ, ಎಷ್ಟು ಹಕ್ಕಿ ಅನ್ನುವ ಮಿತಿಯೂ ಇದೆ.

ಟರ್ಕಿ ರಾತ್ರಿ ಮರದ ಮೇಲೆ ಮಲಗುತ್ತದೆ. ವಸಂತದಲ್ಲಿ ಹುಂಜ ನಸುಕಿಗೇ ಕೊಂಬೆಯ ಮೇಲಿಂದ ಕೂಗು ಹಾಕುತ್ತದೆ, ಹೇಟೆ ಆ ಕೂಗು ಹಿಡಿದು ಅದರ ಹತ್ತಿರ ಹೋಗುತ್ತದೆ. ಬೇಟೆಗಾರ ಇದನ್ನೇ ತಿರುಗಿಸುತ್ತಾನೆ. ಹೇಟೆಯ ದನಿ ಮಾಡಿ, ಹುಂಜವೇ ತನ್ನ ಹತ್ತಿರ ಬರುವ ಹಾಗೆ ಮಾಡಬೇಕು. ಅದಕ್ಕೇ ಇದು ಕಷ್ಟ. ಅದರ ಮೂಗು ಅಷ್ಟಕ್ಕಷ್ಟೇ, ಕಣ್ಣು ಮಾತ್ರ ಬಲು ಚುರುಕು. ನೀವು ಬೆರಳು ಅಲ್ಲಾಡಿಸಿದರೂ ಹಕ್ಕಿ ಮಾಯ.

ನನಗೆ ಕಲಿಸಿದವರು ಓಝಾರ್ಕ್ ಗುಡ್ಡಗಳ ಕಡೆಯ ಒಬ್ಬ ರೈತರು. ಟರ್ಕಿ ಯಾವ ಮರದಲ್ಲಿ ಮಲಗುತ್ತದೆ ಅನ್ನುವುದನ್ನು ಬೇಟೆಗಾರರು ಒಡಹುಟ್ಟಿದವರಿಗೂ ಬಾಯಿ ಬಿಡುವುದಿಲ್ಲ. ಇವರು ಪರದೇಶದಿಂದ ಬಂದ ನನ್ನನ್ನು ತಮ್ಮ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ನೇರ ಆ ಮರದ ಬುಡಕ್ಕೇ ಕರೆದುಕೊಂಡು ಹೋದರು. ಮೊದಲ ವರ್ಷ ನನಗೆ ಬರೀ ಕೂರುವ ಕೆಲಸ. ಮರುವರ್ಷ ತಮ್ಮದೇ ಬಂದೂಕನ್ನು ನನ್ನ ಮಂಡಿಯ ಮೇಲಿಟ್ಟು, ತಾವು ಬರಿಗೈಯಲ್ಲಿ ಪಕ್ಕದಲ್ಲಿ ಕೂತರು.

ಇನ್ನೂ ಕತ್ತಲು. ಒಂದು ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದೇವೆ. ಮರ ನಮ್ಮ ಹೆಗಲಿಗಿಂತ ಅಗಲ ಇರಬೇಕು. ಹಿಂದಿನಿಂದ ಬೇರೆ ಯಾರಾದರೂ ಗುಂಡು ಹಾರಿಸಿದರೆ ಕಾಯುವುದು ಅದೇ. ಅವರು ಬಾಯಿಗೆ ಕೈ ಅಡ್ಡ ಹಿಡಿದು ಗೂಬೆಯ ಕೂಗು ಕೂಗಿದರು. ಹಳ್ಳದ ಆಚೆಯಿಂದ ಹುಂಜ ರೇಗಿಕೊಂಡು ಗಳಗಳ ಅಂತ ಉತ್ತರ ಕೊಟ್ಟಿತು. ಎಲ್ಲಿದೆ ಅಂತ ಗೊತ್ತಾಯಿತಲ್ಲ, ಜೇಬಿನಿಂದ ಒಂದು ಪುಟ್ಟ ಮರದ ಪೆಟ್ಟಿಗೆ ತೆಗೆದರು. ಮುಚ್ಚಳಕ್ಕೆ ಸೀಮೆಸುಣ್ಣ ಬಳಿದು, ಅದನ್ನು ಪೆಟ್ಟಿಗೆಯ ಅಂಚಿಗೆ ಉಜ್ಜಿದರೆ ಥೇಟ್ ಹೇಟೆಯ ದನಿ. ಮೂರೇ ಸಲ ಉಜ್ಜಿದರು. ಹುಂಜ ಮರದಿಂದ ಇಳಿದು ಬಂತು. ಬಂದು, 70 ಗಜ ದೂರದಲ್ಲಿ ಬಾಲ ಬಿಚ್ಚಿಕೊಂಡು ನಿಂತೇಬಿಟ್ಟಿತು. ಒಂದು ಹೆಜ್ಜೆ ಮುಂದಿಲ್ಲ.

ವಿಡಿಯೋ ನೋಡಿ ಕಲಿತವರು ಇಲ್ಲಿ ಏನು ಮಾಡುತ್ತಾರೆ? ಇನ್ನೂ ಜೋರಾಗಿ ಉಜ್ಜುತ್ತಾರೆ. ಇವರು ಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡರು. ಎಡಗೈಯನ್ನು ಮೆಲ್ಲಗೆ ನೆಲಕ್ಕಿಳಿಸಿ ತರಗೆಲೆ ಕೆರೆದರು. ಎರಡು ಸಲ ಚುರುಕಾಗಿ, ಸ್ವಲ್ಪ ಬಿಟ್ಟು ಒಂದು ಸಲ ಉದ್ದಕ್ಕೆ. ಹೇಟೆ ಓಕ್ ಕಾಯಿ ಹುಡುಕುತ್ತ ಕಾಲಲ್ಲಿ ಕೆದಕುವ ಸದ್ದು ಅದೇ. ನನ್ನ ಕಿವಿಯಲ್ಲಿ ಹೇಳಿದರು: "ಹೇಟೆ ಕರೀತಾನೇ ಇದ್ದರೆ ಹುಂಜ ಅಲ್ಲೇ ಕಾಯುತ್ತೆ. ಹೇಟೆ ತನ್ನನ್ನು ಮರೆತು ಮೇಯ್ತಾ ಇದ್ದರೆ ಹುಡುಕಿಕೊಂಡು ಬರುತ್ತೆ."

ಬಂತು! ಈ ಸಲ ಕೂಗಲಿಲ್ಲ. ರೆಕ್ಕೆಯ ತುದಿ ಎಲೆಗೆ ಉಜ್ಜುವ ಸದ್ದು, ಅದರ ಎದೆಯೊಳಗಿಂದ ಬರುವ ಗುಂ ಅನ್ನುವ ಸದ್ದು. ನೆತ್ತಿ ಬಿಳಿ, ಮುಖ ನೀಲಿ, ಕತ್ತು ಕೆಂಪು. 30 ಗಜ. ಅದರ ತಲೆ ಒಂದು ಕಾಂಡದ ಮರೆಗೆ ಹೋದಾಗ ಬಂದೂಕು ಎತ್ತಿಕೊಂಡೆ. ಆಗ ಅವರು "ಬೇಡ" ಅಂದರು. ನೋಡಿದರೆ ಹುಂಜದ ಹಿಂದೆ, ಅದೇ ಗೆರೆಯಲ್ಲಿ, ಒಂದು ಹೇಟೆಯ ತಲೆ. ಚರೆ ಗುಂಡು ಹರಡುತ್ತದೆ, ಹೇಟೆಗೂ ತಗುಲುತ್ತದೆ. ವಸಂತದ ಬೇಟೆ ಹುಂಜದ್ದು, ಸಾಮಾನ್ಯ ಹೇಟೆಯನ್ನು ಹೊಡೆಯುವಂತಿಲ್ಲ. ಎರಡೂ ಒಟ್ಟಿಗೆ ಪೊದೆ ದಾಟಿ ಹೋದವು. ಆ ಹಿರಿಯರ ಮುಖದಲ್ಲಿ ಬೇಸರದ ಸುಳಿವೂ ಇಲ್ಲ. "ಅದು ಮೊಟ್ಟೆ ಇಡಬೇಕಲ್ಲಪ್ಪ" ಅಂದು, ಪ್ಯಾಂಟಿನ ಎಲೆ ಕೊಡವಿಕೊಂಡು ಎದ್ದರು. ತಮ್ಮ ಜಾಗ, ತಮ್ಮ ಬಂದೂಕು, ತಮ್ಮ ಬೆಳಗು, ಎಲ್ಲವನ್ನೂ ನನಗೆ ಕೊಟ್ಟಿದ್ದರು. ಯಾವ ಅಂಗಡಿಯಲ್ಲಿ ಸಿಗುತ್ತದೆ ಇದು? ಅದಕ್ಕೇ ಹೇಳುವುದು, ಹಿರಿಯರ ಪಕ್ಕ ಕೂರಿ ಅಂತ.

ಸಮಯ ಆಯಿತು ಅಂತ ಇಲ್ಲಿ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

1930ರ ದಶಕದ ಹೊತ್ತಿಗೆ ಇಡೀ ಅಮೆರಿಕದಲ್ಲಿ ಉಳಿದಿದ್ದ ಕಾಡು ಟರ್ಕಿ ಸುಮಾರು 2 ಲಕ್ಷ. ಸಾಕಣೆ ಕೇಂದ್ರಗಳಲ್ಲಿ ಮರಿ ಬೆಳೆಸಿ ಕಾಡಿಗೆ ಬಿಟ್ಟರು, ಅವು ಬದುಕಲಿಲ್ಲ. ನರಿ ಬಂದರೆ ಏನು ಮಾಡಬೇಕು ಅಂತ ಹೇಳಿಕೊಡುವ ತಾಯಿ ಅವಕ್ಕೆ ಇರಲಿಲ್ಲ ನೋಡಿ. ಕಾಡಿನ ಹಕ್ಕಿಗಳನ್ನೇ ಬಲೆ ಹಾಕಿ ಹಿಡಿದು ಬೇರೆ ಕಾಡಿಗೆ ಬಿಟ್ಟ ಮೇಲೆ ಸಂತತಿ ಹೆಚ್ಚಿತು. ಮಿಸೌರಿಯಲ್ಲಿ 1960ರಲ್ಲಿ ಬೇಟೆ ಮತ್ತೆ ಶುರುವಾಯಿತು. ಹಕ್ಕಿಗೇ ಹಿರಿಯರು ಬೇಕು ಅಂದಮೇಲೆ ನಮಗೆ ಬೇಡವೇ?

ಕೆಂಪು, ಬಿಳಿ, ನೀಲಿ ಬಟ್ಟೆ ಹಾಕಿಕೊಂಡು ಕಾಡಿಗೆ ಹೋಗಬೇಡಿ. ಹುಂಜದ ತಲೆಯ ಬಣ್ಣ ಅದೇ. ಟರ್ಕಿಯ ಸದ್ದು ಬಂದ ಕಡೆ ನುಸುಳಿಕೊಂಡು ಹೋಗಲೇಬೇಡಿ, ಅಲ್ಲಿ ಇನ್ನೊಬ್ಬ ಬೇಟೆಗಾರ ಕೂತಿರಬಹುದು. 40 ಗಜದಾಚೆ ಗುಂಡು ಹಾರಿಸಬೇಡಿ.

ಹಿರಿಯರನ್ನು ಎಲ್ಲಿ ಹುಡುಕುವುದು? ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯನ್ನು ಕೇಳಿ. 1973ರಲ್ಲಿ ಶುರುವಾದ ನ್ಯಾಷನಲ್ ವೈಲ್ಡ್ ಟರ್ಕಿ ಫೆಡರೇಶನ್‌ನ ಸ್ಥಳೀಯ ಶಾಖೆಗೆ ಹೋಗಿ. ಮಿಸೌರಿಯಲ್ಲಿ ವಸಂತದ ಬೇಟೆ ತೆರೆಯುವುದು ಏಪ್ರಿಲ್‌ನ ಮೂರನೇ ಸೋಮವಾರ. ಹಿಂದಿನ ವಾರ ಹೋಗಿ ಕೇಳಬೇಡಿ, ಫೆಬ್ರವರಿಯಲ್ಲೇ ಪರಿಚಯ ಮಾಡಿಕೊಳ್ಳಿ. ಅವರ ಬೇಲಿ ಕೆಲಸಕ್ಕೆ, ಸೌದೆ ಕೆಲಸಕ್ಕೆ ಒಂದು ಕೈ ಹಾಕಿ. ಬಾ ಅಂತ ಅವರೇ ಕರೆಯುತ್ತಾರೆ. ನಮಸ್ಕಾರ.