ಬ್ರೂಟಸನ ಎರಡು ಬೆಳ್ಳಿ ನಾಣ್ಯ

ಕೇಳುಗರಿಗೆ ನಮಸ್ಕಾರ.

ರೋಮನ್ನರ ಬೆಳ್ಳಿ ನಾಣ್ಯದ ಹೆಸರು ಡಿನೇರಿಯಸ್. ತೂಕ ಸುಮಾರು ನಾಲ್ಕು ಗ್ರಾಮು, ಅಗಲ ನಮ್ಮ ಒಂದು ರೂಪಾಯಿಗಿಂತ ಸ್ವಲ್ಪ ಕಮ್ಮಿ. ಕಾರ್ತೇಜಿನ ಸೇನಾಪತಿ ಹ್ಯಾನಿಬಾಲನ ಜೊತೆ ಯುದ್ಧ ನಡೆಯುತ್ತಿದ್ದಾಗ, ಕ್ರಿ.ಪೂ. 211ರ ಸುಮಾರಿಗೆ ಅದು ಚಲಾವಣೆಗೆ ಬಂತು. ಮೊದಮೊದಲು ಅದರ ಮೇಲೆ ದೇವರ ಚಿತ್ರಗಳೇ. ಒಂದು ಕಡೆ ರೋಮಾ ದೇವಿ, ಇನ್ನೊಂದು ಕಡೆ ಕುದುರೆ ಏರಿದ ಅವಳಿ ದೇವರು. ಆಮೇಲೆ ಟಂಕಸಾಲೆಯ ಅಧಿಕಾರಿಗಳು ತಮ್ಮ ಮನೆತನದ ಹಿರಿಯರನ್ನೂ ಅಚ್ಚು ಹಾಕಿಸತೊಡಗಿದರು.

ಕ್ರಿ.ಪೂ. 54ರಲ್ಲಿ ಅಂಥ ಅಧಿಕಾರಿಗಳಲ್ಲಿ, ಮುಂದೆ ಸೀಸರನನ್ನು ಕೊಲ್ಲಲಿದ್ದ ಬ್ರೂಟಸನೂ ಒಬ್ಬ. ಅವನ ನಾಣ್ಯದ ಒಂದು ಬದಿಯಲ್ಲಿ ಸ್ವಾತಂತ್ರ್ಯ ದೇವಿಯ ಮುಖ. ತಿರುಗಿಸಿದರೆ ಲೂಸಿಯಸ್ ಬ್ರೂಟಸ್, ಕಾವಲಿನವರ ನಡುವೆ ನಡೆದು ಹೋಗುತ್ತಿದ್ದಾನೆ. ರೋಮ್‌ನಿಂದ ರಾಜರನ್ನು ಓಡಿಸಿದವನು ಅಂತ ಹೆಸರಾದವನು. ಅವನೇ ತಮ್ಮ ಮೂಲಪುರುಷ ಅಂತ ಬ್ರೂಟಸನ ಮನೆಯವರು ಹೇಳಿಕೊಳ್ಳುತ್ತಿದ್ದರು. ನಮಗೆ ರಾಜ ಬೇಡ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳೋದು ಹೇಗೆ, ಅಲ್ವಾ?

ಹತ್ತು ವರ್ಷದ ನಂತರ, ಕ್ರಿ.ಪೂ. 44ರಲ್ಲಿ, ಜೂಲಿಯಸ್ ಸೀಸರನ ಮುಖವೇ ನಾಣ್ಯಕ್ಕೆ ಬಂತು. ರೋಮ್‌ನ ಟಂಕಸಾಲೆಯಲ್ಲಿ ಬದುಕಿರುವ ಮನುಷ್ಯನ ಮುಖ ಅಚ್ಚಾಗಿದ್ದು ಅದೇ ಮೊದಲು. ಕೆಲವು ನಾಣ್ಯಗಳಲ್ಲಿ ಸುತ್ತಲೂ 'ಶಾಶ್ವತ ಸರ್ವಾಧಿಕಾರಿ' ಎಂಬ ಬರಹ. ಮಾರ್ಚ್ 15ಕ್ಕೆ ಅವನ ಕೊಲೆಯಾಯಿತು. ಕೊಂದವರಲ್ಲಿ ಬ್ರೂಟಸ್ ಮುಂದಾಳು.

ಈಗ ಬ್ರೂಟಸನ ಇನ್ನೊಂದು ನಾಣ್ಯ ನೋಡೋಣ. ಸೀಸರನ ಕಡೆಯವರ ಮೇಲೆ ಯುದ್ಧಕ್ಕೆ ಹೊರಟಾಗ, ಸೈನ್ಯದ ಖರ್ಚಿಗೆ ಅಂತ ಹೊಡೆಸಿದ್ದು. ಹಿಂಬದಿಯಲ್ಲಿ ಎರಡು ಕಠಾರಿ. ಎರಡರ ಹಿಡಿಯೂ ಬೇರೆ ಬೇರೆ ಥರ. ನಡುವೆ ಒಂದು ಟೋಪಿ. ಬಿಡುಗಡೆಯಾದ ಗುಲಾಮರು ಹಾಕಿಕೊಳ್ಳುವ ಟೋಪಿ ಅದು. ಕೆಳಗೆ ಲ್ಯಾಟಿನ್‌ನಲ್ಲಿ ಕೊಲೆಯ ದಿನ. ಕೊಂದಿದ್ದು ನಿಮ್ಮ ಬಿಡುಗಡೆಗಾಗಿ ಅನ್ನುತ್ತದೆ ಆ ಚಿತ್ರ. ಓದು ಬಾರದ ಸೈನಿಕನಿಗೂ ಅರ್ಥವಾಗುವ ಹಾಗಿದೆ.

ಆದರೆ ಮುಂಬದಿಯಲ್ಲಿ ಬ್ರೂಟಸನದೇ ಮುಖ! ಸ್ವಾತಂತ್ರ್ಯ ದೇವಿ ಇದ್ದ ಜಾಗದಲ್ಲಿ ತಾನೇ ಬಂದು ಕೂತಿದ್ದಾನೆ. ಈ ಎರಡು ನಾಣ್ಯಗಳನ್ನು ಒಟ್ಟಿಗೆ ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಕ್ರಿ.ಪೂ. 42ರಲ್ಲಿ, ಈಗಿನ ಗ್ರೀಸಿನ ಫಿಲಿಪ್ಪಿಯಲ್ಲಿ ನಡೆದ ಯುದ್ಧದಲ್ಲಿ ಸೋತು ಅವನು ತನ್ನ ಪ್ರಾಣ ತಾನೇ ತೆಗೆದುಕೊಂಡ.

ಮುಂದೆ ಆಗಸ್ಟಸ್, ಟೈಬೀರಿಯಸ್ ಕಾಲಕ್ಕೆ ಚಕ್ರವರ್ತಿಯ ಮುಖ ಮಾಮೂಲಿಯಾಯಿತು. ಆ ನಾಣ್ಯಗಳು ವ್ಯಾಪಾರದ ದಾರಿಯಲ್ಲಿ ನಮ್ಮಲ್ಲಿಗೂ ಬಂದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕಿವೆ. ಟೈಬೀರಿಯಸನ ನಾಣ್ಯ ಗುರುತಿಸೋದು ಸುಲಭ. ಹಿಂಬದಿಯಲ್ಲಿ ಕುರ್ಚಿ ಮೇಲೆ ಕೂತ ಹೆಂಗಸು, ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಎಲೆಯ ಟೊಂಗೆ. ಅವಳು ಚಕ್ರವರ್ತಿಯ ತಾಯಿ ಲಿವಿಯಾ ಅಂತ ತುಂಬಾ ಜನ ತಿಳಿದವರು ಹೇಳುತ್ತಾರೆ.

ನಮಸ್ಕಾರ.