ಬಾಲಚುಕ್ಕಿ ಹೇಳುವ ಗಾಯದ ಕಥೆ

ಕೇಳುಗರೆಲ್ಲರಿಗೂ ನಮಸ್ಕಾರ.

ಚೂಯಿಂಗ್ ಗಮ್ಮಿನ ಮೇಲ್ಪದರ ನೋಡಿದ್ದೀರಲ್ವಾ? ಹಾಲಿನಷ್ಟು ಬಿಳುಪು. ಎಷ್ಟೋ ಸಲ ಅದು ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿಯ ಬಣ್ಣ. ಗೋಡೆಯ ಪೇಂಟಿಗೂ ಇದನ್ನು ಹಾಕುತ್ತಾರೆ. ಆಹಾರಕ್ಕೆ ಬೆರೆಸುವ ಪುಡಿಯಲ್ಲಿ, ಎಣಿಕೆ ಹಾಕಿದರೆ, ಅರ್ಧದಷ್ಟು ಕಣಗಳವರೆಗೂ 100 ನ್ಯಾನೋಮೀಟರಿಗಿಂತ ಸಣ್ಣವಿರಬಹುದು. ನಮ್ಮ ಒಂದು ಕೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್!

ಇಷ್ಟು ಸಣ್ಣ ಕಣವನ್ನು ಜೀವಕೋಶ ನುಂಗಿಬಿಡುತ್ತದೆ. ಅದು ಒಳಗೆ ಸುಮ್ನೆ ಕೂತರೆ ಚಿಂತೆಯಿಲ್ಲ. ಆದರೆ ಕಣದ ಮೈಮೇಲೆ ಆಮ್ಲಜನಕದ ಕೆಲವು ಚುರುಕು ರೂಪಗಳು ಹುಟ್ಟಬಹುದು. ಕಬ್ಬಿಣವನ್ನು ತುಕ್ಕು ತಿನ್ನುವ ಹಾಗೆ ಅವು ಕೋಶದೊಳಗಿನ ವಂಶವಾಹಿ ಎಳೆಯಾದ ಡಿಎನ್‌ಎಯನ್ನು ಕೆಡಿಸುತ್ತವೆ. ಡಿಎನ್‌ಎಯ ಸಂದೇಶ ಬರೆದಿರುವ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಗ್ವಾನೀನ್ ಎಂಬುದು ಬೇಗ ಕೆಡುತ್ತದೆ. ಕೆಲವೊಮ್ಮೆ ಎಳೆಯೇ ತುಂಡಾಗುತ್ತದೆ. ಇಂಥ ಗಾಯಗಳನ್ನು ಜೀವಕೋಶ ದಿನವೂ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ರಿಪೇರಿ ತಪ್ಪಿದರೆ ಆ ತಪ್ಪು ಮುಂದಿನ ಕೋಶಗಳಿಗೂ ದಾಟುತ್ತದೆ. ಭಯ ಇರುವುದು ಅಲ್ಲೇ.

ಈ ಗಾಯವನ್ನು ಕಣ್ಣಾರೆ ನೋಡುವ ಒಂದು ವಿಧಾನವಿದೆ. ನನಗಂತೂ ಬಹಳ ಇಷ್ಟವಾದದ್ದು. ಕಾಮೆಟ್, ಅಂದರೆ ಬಾಲಚುಕ್ಕಿ, ಪರೀಕ್ಷೆ ಎನ್ನುತ್ತಾರೆ. ಇಂದು ಹೆಚ್ಚು ಬಳಕೆಯಲ್ಲಿರುವ ಅದರ ರೂಪವನ್ನು 1988ರಲ್ಲಿ ವಿಜ್ಞಾನಿ ಎನ್. ಪಿ. ಸಿಂಗ್ ಮತ್ತು ಜೊತೆಗಾರರು ಪ್ರಕಟಿಸಿದರು. ಜೀವಕೋಶಗಳನ್ನು ಕಡಲ ಪಾಚಿಯಿಂದ ತೆಗೆದ ಜೆಲ್ಲಿಯಲ್ಲಿ ಹುದುಗಿಸುತ್ತಾರೆ. ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್‌ಗೆ ಈ ಜೆಲ್ಲಿ ಹತ್ತಿರದ ನೆಂಟ. ಆಮೇಲೆ ಕೋಶದ ಪೊರೆ ಕರಗಿಸಿ, ವಿದ್ಯುತ್ ಹರಿಸುತ್ತಾರೆ. ಡಿಎನ್‌ಎ ಗಟ್ಟಿಯಾಗಿದ್ದರೆ ದುಂಡಗೆ ಇದ್ದಲ್ಲೇ ಉಳಿಯುತ್ತದೆ. ಮುರಿದಿದ್ದರೆ ಚೂರುಗಳೆಲ್ಲ ಒಂದೇ ಕಡೆಗೆ ಸರಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಥೇಟ್ ಬಾಲಚುಕ್ಕಿ! ಬಾಲದಲ್ಲಿ ಡಿಎನ್‌ಎ ಹೆಚ್ಚಿದಷ್ಟೂ ಗಾಯ ಜಾಸ್ತಿ.

ಪರೀಕ್ಷೆಗೆಂದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶ ಬೇರೆ, ನಮ್ಮ ಹೊಟ್ಟೆ ಬೇರೆ, ನಿಜ. ನುಂಗಿದ ಪುಡಿಯಲ್ಲಿ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಆದರೂ 2021ರ ಮೇ ತಿಂಗಳಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಸ್ಪಷ್ಟವಾಗಿ ಹೇಳಿತು: ಈ ಪುಡಿಯಿಂದ ಡಿಎನ್‌ಎಗೆ ಹಾನಿಯಾಗದು ಎಂದು ಖಚಿತವಾಗಿ ಹೇಳಲಾಗದು, ಹಾಗಾಗಿ ಇಷ್ಟು ತಿಂದರೆ ತೊಂದರೆಯಿಲ್ಲ ಎಂಬ ಮಿತಿಯನ್ನೂ ಹಾಕಲಾಗದು. 2022ರಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ ಆಹಾರಕ್ಕೆ ಇದನ್ನು ಬೆರೆಸುವುದು ನಿಷೇಧವಾಯಿತು. ಅಮೆರಿಕ ಮಾತ್ರ 1966ರಲ್ಲೇ ತೂಕದ ಶೇಕಡಾ 1ರವರೆಗೆ ಒಪ್ಪಿಗೆ ಕೊಟ್ಟಿತ್ತು.

ಯುರೋಪು ಮಾಡಿದ್ದೇ ಸರಿ ಎಂದು ನನಗನ್ನಿಸುತ್ತದೆ. ಔಷಧವಾಗಿದ್ದರೆ ಲಾಭ ನಷ್ಟ ತೂಗಿ ನೋಡಬಹುದಿತ್ತು. ಇದರಲ್ಲಿ ರುಚಿಯಿಲ್ಲ, ಸತ್ವವಿಲ್ಲ. ಇರುವುದು ಬಿಳುಪು ಮಾತ್ರ.

ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಐಎನ್‌ಎಸ್ 171 (INS 171) ಎಂಬ ಸಂಕೇತ ಸಂಖ್ಯೆ ಇದ್ದರೆ ಅದು ಇದೇ ಪುಡಿ. ಮಕ್ಕಳ ಕೈಗೆ ಕೊಡುವ ಮೊದಲು ಒಮ್ಮೆ ತಿರುಗಿಸಿ ನೋಡಿ. ನಮಸ್ಕಾರ.