ಇಂಗ್ಲಿಷ್ ಸರ್ ಸುಧಾರಿಸಿದ ಕನ್ನಡ

ನಮಸ್ಕಾರ್ರೀ. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್ ಕಡೆ ಹಾಗೇ ಸುಮ್ನೆ ಒಂದು ಸುತ್ತು ಹಾಕಿ ಬನ್ನಿ. ಸ್ಪೋಕನ್ ಇಂಗ್ಲಿಷ್ ಬೋರ್ಡುಗಳು ಕಣ್ಣಿಗೆ ಬಿದ್ದೇ ಬೀಳುತ್ತವೆ. ಸೇರಿಕೊಳ್ಳಿ, ಫಟಾಫಟ್ ಮಾತಾಡಿ ಅಂತ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನ ತಕರಾರು ಇರುವುದು ನಮ್ಮ ಒಂದು ನಂಬಿಕೆಯ ಜೊತೆ. ಹುಡುಗರ ಬಾಯಿಂದ ಪಟಪಟ ಇಂಗ್ಲಿಷ್ ಉದುರಿಸಿದರೆ ಅವರೇ ದೊಡ್ಡ ಇಂಗ್ಲಿಷ್ ಸರ್ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ನನ್ನ ಅಳತೆ ಬೇರೆ. ಇಂಗ್ಲಿಷ್ ಸರ್ ಒಳ್ಳೆಯವರಾಗಿದ್ದರೆ ಅವರ ಹುಡುಗರ ಕನ್ನಡ ಸುಧಾರಿಸಬೇಕು. ಸರಿಯಾಗೇ ಕೇಳಿಸಿಕೊಂಡಿರಿ. ಕನ್ನಡ.

ನಮ್ಮದು ಕನ್ನಡ ಮಾಧ್ಯಮ. ನಮ್ಮ ಕಾಲದಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. ಒಂದನೇ ಕ್ಲಾಸಿಗೇ ಅದು ಬಂದದ್ದು 2007-08ರಲ್ಲಿ. ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೆ ನಾವು ಒಂದೇ ವಿದ್ಯೆಯಲ್ಲಿ ಪಂಡಿತರು. ಗೈಡ್ ತೆಗೆ, ಬಾಯಿಪಾಠ ಮಾಡು, ಪೇಪರಿನಲ್ಲಿ ಕಾರು. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಮುಗೀತು, ಕೈಕಾಲು ತಣ್ಣಗೆ.

ಆಗ ಸಿಕ್ಕಿದವರು ನಮ್ಮ ಇಂಗ್ಲಿಷ್ ಸರ್. ಅವರ ಉಚ್ಚಾರಣೆ ಅಷ್ಟಕ್ಕಷ್ಟೇ, ಪಕ್ಕಾ ನಮ್ಮ ಕಡೆಯದು. ಇವತ್ತು ರೀಲ್ಸ್ ಮಾಡಿದ್ದರೆ ಕಾಮೆಂಟಿನಲ್ಲಿ ಜನ ಕಾಲೆಳೆಯುತ್ತಿದ್ದರು.

ಡಿಸೆಂಬರ್, ಜನವರಿ ಬಂತೆಂದರೆ ತೊಗರಿ ರಾಶಿ. ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ. ರಾಶಿ ಮುಗಿಸಿ ಬಂದವರು ಇಂಗ್ಲಿಷಿನಲ್ಲಿ ಲೀವ್ ಲೆಟರ್ ಕೊಡಬೇಕು. ಎಲ್ಲರ ಚೀಟಿಯಲ್ಲೂ ಗೈಡಿನ ಅದೇ ಸಾಲು, 'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್'. ಸರ್ ಒಂದು ದಿನ ಅಷ್ಟೂ ಚೀಟಿಗಳನ್ನು ಕೈಯಲ್ಲಿ ಹಿಡಿದು ಒಂದೊಂದೇ ಗಟ್ಟಿಯಾಗಿ ಓದಿದರು. ಆಮೇಲೆ ಕೇಳಿದರು: "ಏನ್ರಪಾ, ಇಡೀ ಊರಿಗೇ ಜ್ವರ ಬಂದಿತ್ತೇನು? ದವಾಖಾನಿ ಮುಂದ ಪಾಳಿ ಹಚ್ಚಿದ್ದು ನಾ ಅಂತೂ ನೋಡಿಲ್ಲ." ಕ್ಲಾಸಿಗೆ ಕ್ಲಾಸೇ ನಕ್ಕಿತು. "ಖರೇ ಏನಿತ್ತೋ ಅದನ್ನ ಬರೀರಿ. ತಪ್ಪಾದ್ರ ಆಗ್ಲಿ."

ಪೆನ್ನು ಹಿಡಿದು ಕೂತೆವು. ಒಂದಕ್ಷರ ಮುಂದೆ ಹೋಗಲಿಲ್ಲ. ಇಂಗ್ಲಿಷ್ ಬಾರದ್ದಕ್ಕೆ ಅಂತ ನಾವು ಅಂದುಕೊಂಡೆವು. ಸರಿ, ಮೊದಲು ಕನ್ನಡದಲ್ಲಿ ಬರೀರಿ ಅಂದರು. ಆಗ ಬಣ್ಣ ಬಯಲಾಯಿತು ನೋಡಿ. ಕನ್ನಡದಲ್ಲೂ ನಮ್ಮ ಕೈಗೆ ಬಂದದ್ದು 'ಅನಾರೋಗ್ಯದ ನಿಮಿತ್ತ' ಅನ್ನುವ ರೆಡಿಮೇಡ್ ಸಾಲೇ. ನಡೆದದ್ದನ್ನು ನಡೆದ ಹಾಗೆ ಬರೆಯುವುದನ್ನು ಯಾವ ಭಾಷೆಯಲ್ಲೂ ಯಾರೂ ನಮಗೆ ಕಲಿಸಿರಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಬರೆದ: ಆಳು ಹಚ್ಚಲಿಕ್ಕೆ ಅಪ್ಪನ ಹತ್ತಿರ ರೊಕ್ಕ ಇರಲಿಲ್ಲ, ಅದಕ್ಕೇ ನಾನು ಹೋದೆ. ಅದನ್ನೇ ಇಂಗ್ಲಿಷಿಗೆ ತಂದ. 'ಫಾದರ್ ಹ್ಯಾಡ್ ನೋ ಮನಿ ಫಾರ್ ಲೇಬರ್. ಸೋ ಐ ವೆಂಟ್.' ಸರ್ ಕೆಂಪು ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ. ಓದಿದರು, ರಜೆ ಮಂಜೂರು ಅಂದರು.

ಓದುವುದಕ್ಕೂ ಅವರದ್ದು ಇಂಥದ್ದೇ ಒಂದು ಕಾಟ. ಯಾವ ಪಾಠ ಓದಿದರೂ ಎರಡೇ ಪ್ರಶ್ನೆ. "ಇದನ್ನ ಯಾರು ಹೇಳ್ಲಿಕತ್ತಾರ? ಅವರಿಗೆ ಹೆಂಗ ಗೊತ್ತು?" ಸಾರಾಂಶ ಕೇಳುತ್ತಿರಲಿಲ್ಲ. ಸಾರಾಂಶ ಗೈಡಿನಲ್ಲಿ ಇರುತ್ತದೆ, ಈ ಎರಡು ಪ್ರಶ್ನೆಗೆ ಉತ್ತರ ಇರುವುದಿಲ್ಲ. ಮೊದಮೊದಲು ತಲೆನೋವು ಅನಿಸುತ್ತಿತ್ತು. ಆಮೇಲೆ ಅದೇ ಚಟ ಆಯಿತು. ಕನ್ನಡ ಪೇಪರ್ ಓದುವಾಗಲೂ 'ಎಂದು ತಿಳಿದುಬಂದಿದೆ' ಅನ್ನುವಲ್ಲಿ ಕಣ್ಣು ನಿಲ್ಲುತ್ತಿತ್ತು. ಯಾರಿಗೆ ತಿಳಿದುಬಂತು? ಹೇಳಿದವರು ಯಾರು? ಈಗ ವಾಟ್ಸಾಪ್ ಫಾರ್ವರ್ಡ್ ಬಂದಾಗಲೂ ಇದೇ ಪ್ರಶ್ನೆ. ಮನೆಯ ಗ್ರೂಪಿನಲ್ಲಿ ಇದರಿಂದ ನನಗೆ ಒಳ್ಳೆಯ ಹೆಸರೇನೂ ಬಂದಿಲ್ಲ, ಬಿಡಿ.

ಇದು ನಮ್ಮ ಸರ್ ಒಬ್ಬರ ಕಥೆ ಅಂತ ತಳ್ಳಿಹಾಕಬೇಡಿ. ಕನ್ನಡ ಸಾಹಿತ್ಯದ ಕಡೆ ನೋಡಿ. ಬಿ.ಎಂ.ಶ್ರೀಯವರು ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಕನ್ನಡ ಮತ್ತೆ ತಲೆ ಎತ್ತಬೇಕು ಅಂತ 1911ರಲ್ಲಿ ಧಾರವಾಡಕ್ಕೆ ಬಂದು ಭಾಷಣ ಮಾಡಿದರು. ಗೋಕಾಕರು, ಅಡಿಗರು, ಅನಂತಮೂರ್ತಿ, ಲಂಕೇಶ್, ಶಾಂತಿನಾಥ ದೇಸಾಯಿ, ಚಂಪಾ, ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಇವರಲ್ಲಿ ಇಬ್ಬರಿಗೆ ಜ್ಞಾನಪೀಠವೂ ಬಂತು. ದಿನಾ ಕ್ಲಾಸಿನಲ್ಲಿ ಇನ್ನೊಂದು ಭಾಷೆಯ ಸಾಲನ್ನು ಬಿಡಿಸಿ ತೋರಿಸುವವರಿಗೆ ತಮ್ಮ ಭಾಷೆಯ ಸಾಲಿನಲ್ಲಿ ಎಲ್ಲಿ ಸಡಿಲ ಇದೆ, ಎಲ್ಲಿ ಬರೀ ಸದ್ದು ಇದೆ ಅಂತ ಬೇಗ ಕಾಣುತ್ತದೆ. ನನಗೆ ತೋಚುವ ಕಾರಣ ಇದು.

ಇನ್ನೂ ಹಿಂದೆ ಹೋಗೋಣ, ನಮ್ಮ ಜಿಲ್ಲೆಗೇ. ಸೇಡಂ ತಾಲ್ಲೂಕಿನ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೇ ಶತಮಾನದಲ್ಲಿ ಹುಟ್ಟಿದ್ದು ಕವಿರಾಜಮಾರ್ಗ. ನಮಗೆ ಸಿಕ್ಕಿರುವ ಕನ್ನಡ ಕೃತಿಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಅದರಲ್ಲಿ ಇರುವುದೇನು? ಬರೆಯುವುದು ಹೇಗೆ, ಬರವಣಿಗೆಯಲ್ಲಿ ಏನೇನು ದೋಷ, ಸಂಸ್ಕೃತ ಕನ್ನಡ ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಅನ್ನುವ ಪಾಠ. ಅದಕ್ಕೆ ಆಸರೆಯಾದದ್ದು ದಂಡಿಯ ಸಂಸ್ಕೃತ ಗ್ರಂಥ. ಬೇರೆ ಭಾಷೆಯನ್ನು ಪಕ್ಕದಲ್ಲಿಟ್ಟುಕೊಂಡೇ ಕನ್ನಡ ತಿದ್ದಿಕೊಂಡ ನೆಲ ಇದು. 1948ರ ತನಕ ನಿಜಾಮರ ಆಡಳಿತ ಇತ್ತು. ನಮ್ಮ ಅಜ್ಜಂದಿರು ಉರ್ದುವಿನಲ್ಲಿ ಶಾಲೆ ಕಲಿತು ಮನೆಯಲ್ಲಿ ಕನ್ನಡ ಮಾತಾಡಿದವರು. ನಮ್ಮ ಮಕ್ಕಳೂ ಅಷ್ಟೇ, ಗಲ್ಲಿಯಲ್ಲಿ ದಖನಿ ಉರ್ದು, ಮನೆಯಲ್ಲಿ ಕನ್ನಡ, ಬೀದರ್ ಕಡೆಯಾದರೆ ಮರಾಠಿಯೂ ಸೇರಿ ಬೆಳೆಯುತ್ತಾರೆ. ಇಂಥ ಮಕ್ಕಳ ಮುಂದೆ ನಿಂತು ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ದಂಡ ಅನ್ನುವುದು ಯಾವ ಊರಿನ ಜಾಣತನವೋ!

ಈಗ ನಿಮ್ಮಲ್ಲಿ ಕೆಲವರು ಹೇಳುತ್ತೀರಿ, ಇವೆಲ್ಲ ಹೊಟ್ಟೆ ತುಂಬಿದವರ ಮಾತು, ನಮ್ಮ ಹುಡುಗರು ಮೊದಲು ಪಾಸಾಗಲಿ ಅಂತ. ನೋವಿನ ಮಾತು, ನಿಜದ ಮಾತು. 2024ರಲ್ಲಿ ಎಸ್ಸೆಸ್ಸೆಲ್ಸಿ ಪಟ್ಟಿಯ ಕೊನೆಯಲ್ಲಿ ಯಾದಗಿರಿ ಇತ್ತು. 2025ರ ಪರೀಕ್ಷೆ-1ರಲ್ಲಿ ಆ ಜಾಗಕ್ಕೆ ನಮ್ಮ ಕಲಬುರಗಿ ಬಂತು, ಶೇ 42.43. ಎಷ್ಟೋ ಶಾಲೆಗಳು ಅತಿಥಿ ಶಿಕ್ಷಕರ ಮೇಲೆ ನಡೆಯುತ್ತಿವೆ. ಅವರಿಗೆ ಮುಂದಿನ ವರ್ಷ ಇದೇ ಶಾಲೆ ಸಿಗುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಪೋರ್ಷನ್ ಮುಗಿಸುವುದೇ ಕಷ್ಟ. ಒಪ್ಪಿದೆ. ಆದರೆ ಗೈಡ್ ನಂಬಿಯೇ ಅಲ್ವಾ ನಾವು ಈ ಕೊನೆಯ ಸಾಲಿಗೆ ಬಂದು ಕೂತದ್ದು? ಬಾಯಿಪಾಠದಿಂದ ಪಾಸಾಗುವುದಾದರೆ ಇಷ್ಟು ಹೊತ್ತಿಗೆ ನಾವೇ ಮೊದಲಿರಬೇಕಿತ್ತು. ಮುಂದೆ ಕೆಎಎಸ್ ಕಟ್ಟುವವರಿಗೂ ಇದೇ ಗತಿ. ಮುಖ್ಯ ಪರೀಕ್ಷೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಪತ್ರಿಕೆ ದಾಟಬೇಕು, ಪ್ರಬಂಧದ ಪತ್ರಿಕೆ ಬೇರೆ. ಸಂವಿಧಾನದ 371ಜೆ ನಮ್ಮ ಭಾಗದವರಿಗೆ ಮೀಸಲಾತಿ ಕೊಡುತ್ತದೆ, ಪ್ರಬಂಧ ಬರೆದುಕೊಡುವುದಿಲ್ಲ.

ಹಾಗಾಗಿ ಪಾಲಕರಿಗೆ ಒಂದು ವಿನಂತಿ. ಇವತ್ತು ರಾತ್ರಿ ಮಗುವಿನ ಇಂಗ್ಲಿಷ್ ನೋಟ್‌ಬುಕ್ ತೆಗೆದು ನೋಡಿ. ನಿಮಗೆ ಇಂಗ್ಲಿಷ್ ಬರಬೇಕು ಅಂತೇನಿಲ್ಲ. ಮಗುವಿನ ಕೈಯಲ್ಲೇ ಓದಿಸಿ, ಅರ್ಥ ಹೇಳಿಸಿ. ಮನೆಯದೋ, ಓಣಿಯದೋ, ಹೊಲದ್ದೋ ಒಂದಾದರೂ ಸುದ್ದಿ ಅದರಲ್ಲಿ ಇದೆಯಾ? ಇಲ್ಲದಿದ್ದರೆ ಶಾಲೆಗೆ ಹೋಗಿ ಸರ್ ಹತ್ತಿರ ಮಾತಾಡಿ. ಜಗಳ ಬೇಡ್ರೀ, ಅವರ ಮೇಜಿನ ಮೇಲೆ ಇನ್ನೂ ಐವತ್ತು ನೋಟ್‌ಬುಕ್ ಇರುತ್ತವೆ. ವಾರಕ್ಕೊಂದು ಸಲ ಗೈಡ್ ಮುಚ್ಚಿ ಬರೆಸ್ತೀರಾ ಸರ್ ಅಂತ ಕೇಳಿ, ಸಾಕು.